ಕೋಳಿ ಕಥೆಯ ಎಂಟು ಪಟ್ಟಿಗಳು

ನನ್ನ ಗಂಡನದು ವಾಯುಸೇನೆಯ ನೌಕರಿ. ವರ್ಗದ ಆರ್ಡರ್ ಬಂದಾಗಲೆಲ್ಲ ನಮ್ಮ ಸಂಸಾರ ಕಪ್ಪು ಟ್ರಂಕುಗಳೊಳಗೆ ಸೇರಿಕೊಂಡು ಲಾರಿ ಹತ್ತುತ್ತದೆ. ಅವುಗಳಲ್ಲಿ ಒಂದು ಟ್ರಂಕು ನನ್ನದು. ಅದರೊಳಗೆ ಸೀರೆಗಳಿಲ್ಲ. ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದಕ್ಕೆಂದು ನಾನೇ ಬರೆದು, ಬಣ್ಣ ಹಚ್ಚಿ, ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿದ ಕಾರ್ಡುಗಳು, ಚಾರ್ಟುಗಳು, ಪದಗಳ ಆಟಗಳು ಇವೆ. "ಅಕ್ಕಿ ಡಬ್ಬಿ ಮರತ್ರ ಮರೀ, ಈ ಟ್ರಂಕ್ ಮರತಿ ಅಂದ್ರ ಹೊಸಾ ಊರಾಗ ನನಗ ಒಂದು ತುತ್ತೂ ಸಿಗೂದಿಲ್ಲ" ಎಂದು ಗಂಡ ಚೇಷ್ಟೆ ಮಾಡುತ್ತಾರೆ. ಮಾಡಲಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಿದ್ಧ ಹಾಳೆಗಳನ್ನು ಪ್ರಿಂಟ್ ಹಾಕಿ ಹಂಚುವವರನ್ನು ಕಂಡರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ನಾಗಪುರದ ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತ ಮಕ್ಕಳಿಗೆ ಹಿಮದ ಗೊಂಬೆಯ ಬಗ್ಗೆ ಐದು ವಾಕ್ಯ ಬರೆಯಿರಿ ಅಂದರೆ ಅವರಾದರೂ ಏನು ಬರೆಯಬೇಕು?

ನಾಗಪುರಕ್ಕೆ ಬಂದ ಮೇಲೆ ಊರಂಚಿನ ವಾಡಿಯ ಹತ್ತಿರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಹಿಂದೆ ಗೋಡೌನುಗಳ ಸಾಲು, ಮುಂದೆ ಅಮರಾವತಿ ರಸ್ತೆ. ಟ್ರಕ್ಕುಗಳು ರಿವರ್ಸ್ ಹೋಗುವ ಸದ್ದು ನಿಲ್ಲುವವರೆಗೆ ಪಾಠ ನಿಲ್ಲಿಸಿ ಕಾಯುವುದು ಅಲ್ಲಿ ಎಲ್ಲ ಶಿಕ್ಷಕರ ಅಭ್ಯಾಸ. ಮಕ್ಕಳೆಲ್ಲ ಡ್ರೈವರುಗಳ, ಪ್ಯಾಕಿಂಗ್ ಮಾಡುವವರ, ಚಹಾ ಟಪರಿಯವರ ಮಕ್ಕಳು. ಓದು ಮರಾಠಿಯಲ್ಲಿ, ಇಂಗ್ಲಿಷ್ ಒಂದು ವಿಷಯ, ಅಷ್ಟೆ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಇಂಗ್ಲಿಷ್ ಎಂದು ತಿಳಿದಿದ್ದ ಒಂಬತ್ತನೆಯ ತರಗತಿಯ ಮುಂದೆ ನಾನು ನನ್ನ ಟ್ರಂಕು ತೆರೆದೆ.

ಅವರಿಗಾಗಿ ಹೊಸದೊಂದು ಕಥೆಯನ್ನೂ ಬರೆದೆ. ಒಬ್ಬ ಅಜ್ಜಿ ಕೈಚೀಲದಲ್ಲಿ ಕೋಳಿ ಇಟ್ಟುಕೊಂಡು ಸಾವನೇರ್ ಬಸ್ಸು ಹತ್ತುತ್ತಾಳೆ. ಕೋಳಿ ತಪ್ಪಿಸಿಕೊಳ್ಳುತ್ತದೆ. ಬಸ್ಸಿನವರೆಲ್ಲ ಸೀಟಿನ ಕೆಳಗೆ ಬಗ್ಗಿ ಹುಡುಕುತ್ತಾರೆ. ಕೊನೆಗೆ ಅದು ಕಂಡಕ್ಟರನ ಸೀಟಿನ ಮೇಲೆ ಮೊಟ್ಟೆಯಿಟ್ಟು ಕೂತಿರುತ್ತದೆ. ಸುಲಭ ಇಂಗ್ಲಿಷಿನ ಎಂಟು ವಾಕ್ಯ, ಒಂದೊಂದಕ್ಕೆ ಒಂದರಂತೆ ಎಂಟು ಕಾಗದದ ಪಟ್ಟಿ. ಪಟ್ಟಿಗಳನ್ನು ಕಲಸಿ ಕೊಡುತ್ತೇನೆ. ಮಕ್ಕಳು ಓದಿ ಕಥೆಯನ್ನು ಸಾಲಾಗಿ ಜೋಡಿಸಬೇಕು. ಅಂದವಾಗಿ ಕಾಣಲಿ ಎಂದು ಎಂಟೂ ಪಟ್ಟಿಗಳ ಹಿನ್ನೆಲೆಯಲ್ಲಿ ಹರಡಿಕೊಳ್ಳುವಂತೆ ಒಂದು ದೊಡ್ಡ ಕೆಂಪು ಬಸ್ಸನ್ನೂ ಬರೆದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅಂಥ ಬಸ್ಸು ಇಡೀ ಜಿಲ್ಲೆಯಲ್ಲಿ ಓಡಿರಲಿಕ್ಕಿಲ್ಲ ಎಂದೇ ನನ್ನ ನಂಬಿಕೆಯಾಗಿತ್ತು.

ಈ ಆಟದಲ್ಲಿ ಯಾವಾಗಲೂ ಮೊದಲು ಮುಗಿಸುತ್ತಿದ್ದವಳು ಕಿಟಕಿಯ ಪಕ್ಕದ ಬೆಂಚಿನ ಹುಡುಗಿ. ಅಪ್ಪ ಕಲಬುರಗಿ ಕಡೆಯಿಂದ ಲಾರಿ ಓಡಿಸುತ್ತ ಬಂದು ವಾಡಿಯಲ್ಲಿ ನೆಲೆ ನಿಂತವನು. ಅವ್ವ ಗೋಡೌನಿನಲ್ಲಿ ಪಾರ್ಸೆಲ್ ಕಟ್ಟುವವಳು. ಮನೆಮಾತು ಕನ್ನಡ, ಆದರೆ ಕನ್ನಡ ಓದಲು ಬಾರದು. ಕ್ಷಣದಲ್ಲಿ ಜೋಡಿಸಿ, "ಬರೋಬರ್ ಐತಿ ನೋಡ್ರಿ ಮ್ಯಾಡಮ್" ಎಂದು ನನಗೆ ಮಾತ್ರ ತಿಳಿಯುವಂತೆ ಹೇಳುತ್ತಿದ್ದಳು. ನನಗೆ ಎರಡು ಹೆಮ್ಮೆ: ಒಂದು ನನ್ನ ಪಟ್ಟಿಗಳದು, ಇನ್ನೊಂದು ನಮ್ಮ ಕಡೆಯ ಹುಡುಗಿಯದು.

ವಾರ್ಷಿಕ ಪರೀಕ್ಷೆಯಲ್ಲಿ ಅವಳು ಇಂಗ್ಲಿಷಿನಲ್ಲಿ ನಾಪಾಸಾದಳು. ಉಳಿದ ವಿಷಯಗಳೆಲ್ಲ ಪಾಸು, ಇದೊಂದೇ ಇಲ್ಲ.

ಮುಖ್ಯಾಧ್ಯಾಪಿಕೆ ನನ್ನನ್ನು ಕರೆದರು. ಕೆಟ್ಟವರಲ್ಲ, ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡಿಸಿ ಆಮೇಲೆ ಬೈಯುವ ಹೆಂಗಸು. "ಜೂನಿನಲ್ಲಿ ಮರುಪರೀಕ್ಷೆ ಇದೆ. ಅದರಲ್ಲೂ ಆಗದಿದ್ದರೆ ಸತರಾ ನಂಬರ್ ಫಾರ್ಮ್" ಎಂದರು ಮರಾಠಿಯಲ್ಲಿ. ಹದಿನೇಳನೆಯ ನಂಬರಿನ ಆ ಫಾರ್ಮ್ ತುಂಬಿಸಿದರೆ ಹತ್ತನೆಯ ತರಗತಿಯಲ್ಲಿ ಶಾಲೆಯ ಬೆಂಚಿಲ್ಲ. ಬೇಕಿದ್ದರೆ ಹೊರಗಿನಿಂದ ಪರೀಕ್ಷೆಗೆ ಕೂರಬಹುದು. ಹಾಗೆ ಹೊರಗೆ ಹೋದ ಹುಡುಗಿಯರು ಓದುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಶಾಲೆಯ ಫಲಿತಾಂಶ ಮಾತ್ರ ಚೆನ್ನಾಗಿ ಉಳಿಯುತ್ತದೆ. "ಪ್ರಶ್ನೆಪತ್ರಿಕೆ ತೆಗೆಯುವುದು, ತಿದ್ದುವುದು ನೀವಲ್ಲ, ಹಿರಿಯ ಶಿಕ್ಷಕರು. ಅವಳು ನಿಮ್ಮ ಭಾಷೆಯವಳು, ನಾಳೆ ಮಾತು ಬರಬಾರದು" ಎಂದೂ ಸೇರಿಸಿದರು. ಮೂಗಿನ ತುದಿಗೆ ಬಂದ ಸಿಟ್ಟನ್ನು ನೀರಿನ ಜೊತೆ ನುಂಗಿದೆ.

ಅವಳ ಅವ್ವನಿಗೆ ಇದರಲ್ಲಿ ಗಾಬರಿಪಡುವಂಥದ್ದೇನೂ ಕಾಣಲಿಲ್ಲ. "ನಾಪಾಸ್ ಆದ್ರ ನನ್ನ ಜೋಡಿ ಗೋಡೌನಿಗೆ ಬರ್ತಾಳ್ರಿ. ಈಗೂ ಸೂಟಿ ಒಳಗ ಮಧ್ಯಾಹ್ನ ಬರಾಕತ್ತಾಳ. ಕೈ ಚಲೋ ಓಡತೈತಿ" ಎಂದಳು. ಹುಡುಗಿ ತನ್ನ ಕೈಯನ್ನು ನೋಡಿಕೊಂಡಳು. ಬೆಳಿಗ್ಗೆ ಹೊತ್ತು ಅವಳನ್ನು ನನ್ನ ಹತ್ತಿರ ಕಳಿಸಿ ಎಂದೆ.

ಮೇ ತಿಂಗಳ ಬೆಳಿಗ್ಗೆಗಳಲ್ಲಿ ಶಾಲೆಯ ಆಫೀಸಿನ ಪಕ್ಕದ ಕೋಣೆಯಲ್ಲಿ ಅವಳಿಗೆ ಪಾಠ ಶುರುವಾಯಿತು. ಧೈರ್ಯ ಬರಲಿ ಎಂದು ಮೊದಲ ದಿನ ಅವಳಿಗೆ ಚೆನ್ನಾಗಿ ಬರುವುದನ್ನೇ ಕೊಟ್ಟೆ. ಸಾವನೇರ್ ಬಸ್ಸನ್ನು ಚಕಚಕನೆ ಜೋಡಿಸಿದಳು. ನಾನು ಮುಗುಳ್ನಕ್ಕು ಕೇಳಿದೆ, "ಹೇಳು ನೋಡೂಣು, ಅಜ್ಜಿ ಏನು ಕಳಕೊಂಡ್ಲು?"

"ಯಾವ ಅಜ್ಜಿ?" ಎಂದಳು.

ಅವಳು ಒಂದು ಪದವನ್ನೂ ಓದಿರಲಿಲ್ಲ. ಗಾಲಿ ಕೆಳಗೆ, ಖಿಡಕಿ ಮೇಲೆ, ಡ್ರೈವರ್ ಬಲಕ್ಕೆ. ಚಿತ್ರದ ಬಸ್ಸು ಪೂರ್ತಿಯಾದರೆ ಕಥೆ ಪೂರ್ತಿ. ಕೆದಕಿ ಕೇಳಿದಾಗ ಇನ್ನೊಂದು ಸತ್ಯವೂ ಹೊರಬಿತ್ತು. ಈ ಗುಟ್ಟನ್ನು ಇಡೀ ತರಗತಿಗೆ ಹೇಳಿಕೊಟ್ಟವಳೇ ಇವಳು. ನಾನು ವರ್ಷವಿಡೀ ಎದೆಯುಬ್ಬಿಸಿಕೊಂಡು ಓಡಾಡಿದ ತರಗತಿಯಲ್ಲಿ ಮಕ್ಕಳು ಕಲಿತದ್ದು ಬಸ್ಸು ರಿಪೇರಿ!

ಕೂಗಾಡಿದೆ. ಪಕ್ಕದ ಆಫೀಸಿನ ಗುಮಾಸ್ತರು ಇಣುಕಿ ನೋಡಿ ಹೋದರು. ಕೂಗಿ ಸುಸ್ತಾಗಿ ಕೂತಾಗ ಅವಳು ಮೆತ್ತಗೆ, "ಬಸ್ ಭಾಳ ಚಂದ ತಗದೀರಿ ಮ್ಯಾಡಮ್" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ಚೂಟಿ ಇರುವ ಹುಡುಗಿಯನ್ನು ದಡ್ಡಿ ಎಂದು ಹೊರಗೆ ಹಾಕುವುದಾದರೂ ಹೇಗೆ?

ಮನೆಯಲ್ಲಿ ಗಂಡನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀ ಚಾಪೆ ಕೆಳಗ ತೂರಿದ್ರ ಆಕಿ ರಂಗೋಲಿ ಕೆಳಗ ತೂರ್ಯಾಳ. ಆಕೀನ್ನ ಕಾವಲಿಗೆ ಇಡು" ಎಂದರು. ಚೇಷ್ಟೆಗೆ ಹೇಳಿದ್ದು, ನನಗೆ ನಾಟಿತು.

ಮರುದಿನ ಅವಳಿಗೆ ಒಂದು ಕೆಲಸ ಕೊಟ್ಟೆ. ಏಳನೆಯ ತರಗತಿಯವರಿಗಾಗಿ ಇದೇ ಕಥೆಯ ಹೊಸ ಪಟ್ಟಿಗಳನ್ನು ಅವಳೇ ಮಾಡಬೇಕು. ನಿನ್ನಂಥವಳಿಗೂ ಓದದೆ ಜೋಡಿಸಲು ಬರಬಾರದು ಎಂದೆ. ಅವಳ ಕಣ್ಣು ಹೊಳೆಯಿತು. ಗೋಡೌನಿನಲ್ಲಿ ಬಿಸಾಡಿದ ಕಾರ್ಟನ್ ರಟ್ಟು ತಂದು ಕತ್ತರಿಸಿ, ವಾಕ್ಯಗಳನ್ನು ಬರೆದುಕೊಂಡು ಬಂದಳು. ನಾನು ಅಕ್ಷರ ನೋಡದೆ ರಟ್ಟಿನ ಗೆರೆಗಳನ್ನೇ ಹಿಡಿದು ಜೋಡಿಸಿ ತೋರಿಸಿದೆ. ಮುಖ ಸಪ್ಪೆ ಮಾಡಿಕೊಂಡು ಹೋದಳು. ಮುಂದಿನ ಸಲ ಬೇರೆಬೇರೆ ಡಬ್ಬಿಗಳ ರಟ್ಟು ತಂದಳು. ಪೆನ್ನಿನ ಶಾಯಿ ಬರಬರುತ್ತ ತೆಳುವಾಗಿದ್ದನ್ನು ನೋಡಿ ಅದನ್ನೂ ಜೋಡಿಸಿದೆ. "ಚೀಟಿಂಗ್ ಐತ್ರೀ ಇದು!" ಎಂದು ನನ್ನ ಮೇಲೆಯೇ ಹರಿಹಾಯ್ದಳು. ಯಾರು ಯಾರಿಗೆ ಹೇಳುತ್ತಿದ್ದಾರೆ!

ಎಲ್ಲ ಗುರುತುಗಳನ್ನೂ ಅಳಿಸಬೇಕೆಂಬ ಹಟದಲ್ಲಿ ಅವಳು ವಾಕ್ಯಗಳೊಳಗೆ ಇಳಿದಳು. ಈ ಪದ ಯಾಕೆ ಇಲ್ಲಿದೆ, ಇದರ ಅರ್ಥವೇನು, ಇದು ನೋಡಿದವರಿಗೆ ಸುಳಿವು ಕೊಡುತ್ತದೆಯೇ ಎಂದು ಒಂದೊಂದನ್ನೂ ಬೆರಳಿಟ್ಟು ಕೇಳಿದಳು. ಡಿಕ್ಷನರಿಯನ್ನು ಹೊಸ ಪಾರ್ಸೆಲ್ ಬಿಚ್ಚಿದ ಹಾಗೆ ಬಿಚ್ಚಿ ಕೂರುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಪುಕುಪುಕು. ಜೂನ್ ಹತ್ತಿರವಾಗುತ್ತಿದೆ, ಇನ್ನೂ ಒಂದೇ ಕೋಳಿಯಲ್ಲಿದ್ದೇವೆ.

ಒಂದು ದಿನ ಸೋತವಳಂತೆ ಪಟ್ಟಿಗಳನ್ನು ಮೇಜಿನ ಮೇಲೆ ಹರವಿ ಕೂತಳು. "ಮ್ಯಾಡಮ್, ಎಲ್ಲಾ ತಗದೆ. ಒಂದು ಗುರುತು ಮಾತ್ರ ಹೋಗವಲ್ದು."

"ಯಾವುದು?"

"ಕ್ವಾಳಿ ಕಳಕೊಳ್ಳೂದಕ್ಕಿಂತ ಮೊದಲ ಹುಡುಕಾಕ ಬರೂದಿಲ್ಲಲ್ರಿ. ಅದನ್ನ ಹೆಂಗ ಅಳಸಲಿ?"

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಳು ಬಂದಿತ್ತು. ಇಷ್ಟು ವರ್ಷ ಊರಿಂದೂರಿಗೆ ಟ್ರಂಕು ಹೊತ್ತು ತಿರುಗಿದ್ದು ಈ ಒಂದು ಮಾತನ್ನು ಕೇಳುವುದಕ್ಕೇ. "ಅದನ್ನ ಅಳಸಬ್ಯಾಡ. ಅದಕ್ಕಽ ಓದೂದು ಅಂತಾರ" ಎಂದೆ. ಅಲ್ಲಿಂದ ಮುಂದೆ ನಾವು ಓಡಿದೆವು. ತಪ್ಪು ವಿಳಾಸಕ್ಕೆ ಹೋದ ಪಾರ್ಸೆಲ್ಲಿನ ಕಥೆಯನ್ನು ಅವಳೇ ಬರೆದಳು. ಪಠ್ಯದ ಪದ್ಯಗಳನ್ನು ಸಾಲು ಕತ್ತರಿಸಿ ಕಲಸಿ ಕೊಟ್ಟರೆ, ಈ ಸಾಲು ಕೊನೆಗೆ ಬಂದರೇ ಹೆಚ್ಚು ದುಃಖವಾಗುತ್ತದೆ ಎಂದು ನನ್ನೊಂದಿಗೆ ವಾದ ಮಾಡಿದಳು. ಗೈಡನ್ನು ಮುಟ್ಟಲೇ ಇಲ್ಲ.

ಮರುಪರೀಕ್ಷೆಯಲ್ಲಿ ಅವಳು ಪಾಸಿನ ಗೆರೆಯ ಮೇಲೆ ನಿಂತಳು. ದಾಟಿದಳೋ ಇಲ್ಲವೋ ಎಂಬಂತೆ. ಪತ್ರದ ನಮೂನೆ ತಪ್ಪು, ಪದ್ಯದ ಉತ್ತರ ಯಾವ ಗೈಡಿನಲ್ಲೂ ಇಲ್ಲದ್ದು, ಆದರೆ ಅವಳ ಸ್ವಂತದ್ದು. ತಿದ್ದಿದ ಹಿರಿಯ ಶಿಕ್ಷಕರು ಇಷ್ಟು ಹೇಳಿ ಮುಖ್ಯಾಧ್ಯಾಪಿಕೆಯ ಮುಂದೆ ಉತ್ತರಪತ್ರಿಕೆ ಇಟ್ಟು, ನೀವೇ ನಿರ್ಧರಿಸಿ ಎಂದು ಹೋದರು. ಮುಖ್ಯಾಧ್ಯಾಪಿಕೆ ಹುಡುಗಿಯನ್ನು ಒಳಗೆ ಕರೆದರು. ನನಗೆ ಕೂರಲು ಹೇಳಿ, ಬಾಯಿ ಬಿಡಬಾರದು ಎಂದು ಬೆರಳು ತೋರಿಸಿದರು. ಮೇಜಿನ ಮೇಲಿದ್ದ ಆ ದಿನದ ಇಂಗ್ಲಿಷ್ ಪೇಪರಿನಲ್ಲಿ ಒಂದು ಸಣ್ಣ ಸುದ್ದಿಗೆ ಪೆನ್ಸಿಲಿನಿಂದ ಗುರುತು ಹಾಕಿ, "ಓದಿ ಏನಿದೆ ಹೇಳು. ಇಂಗ್ಲಿಷಿನಲ್ಲಿ" ಎಂದರು.

ಅವಳು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ನಾನು ಸೆರಗನ್ನು ಹಿಂಡುತ್ತಿದ್ದೆ. ಮಾತಾಡು ಮಾರಾಯ್ತಿ, ಏನಾದರೂ ಮಾತಾಡು ಎಂದು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ.

ಕೊನೆಗೆ ತಲೆಯೆತ್ತಿ, ಮುರುಕು ಇಂಗ್ಲಿಷಿನಲ್ಲಿ, ಪದ ಪದ ಹುಡುಕಿ ಹೇಳಿದಳು. ಒಂದು ಸೇತುವೆ ದುರಸ್ತಿಗೆ ಮುಚ್ಚುತ್ತದೆ, ಸೋಮವಾರದಿಂದ, ದೊಡ್ಡ ವಾಹನ ಹೋಗಬಾರದು. ಅಲ್ಲಿಗೆ ಮುಖ್ಯಾಧ್ಯಾಪಿಕೆ ತಲೆಯಾಡಿಸಿ ಪೇಪರಿಗೆ ಕೈ ಚಾಚಿದರು. ಅವಳು ಕೊಡಲಿಲ್ಲ. ಇನ್ನೂ ಹೇಳುವುದಿತ್ತು. ಟ್ರಕ್ಕುಗಳು ಯಾವ ರಸ್ತೆಯಿಂದ ಹೋಗಬೇಕು ಎಂದು ಇದರಲ್ಲಿ ಬರೆದಿಲ್ಲ, ಬರೆಯಬೇಕಿತ್ತು, ನಮ್ಮಪ್ಪ ಟ್ರಕ್ಕಿನವನು, ಅವನಿಗೆ ಬೇಕಾದದ್ದು ಅದೇ ಎಂದಳು. ವ್ಯಾಕರಣ ದಿಕ್ಕಾಪಾಲಾಗಿತ್ತು, ಆದರೆ ಒಂದು ಮಾತೂ ತಪ್ಪಾಗಿ ಅರ್ಥವಾಗುವಂತಿರಲಿಲ್ಲ.

ಮುಖ್ಯಾಧ್ಯಾಪಿಕೆ ಕನ್ನಡಕ ಹಾಕಿಕೊಂಡು ಸುದ್ದಿಯನ್ನು ತಾವೊಮ್ಮೆ ಓದಿದರು. "ಖರೇ, ಬರೆದಿಲ್ಲ" ಎಂದರು. ಉತ್ತರಪತ್ರಿಕೆಯ ಮೇಲೆ ಸಹಿ ಮಾಡಿದರು. ಅವಳ ಮುಖ ನೋಡದೆ, ಯಾವಾಗಲೂ ಬೈಯುವ ದನಿಯಲ್ಲೇ, ಶಾಲೆ ಶುರುವಾದ ದಿನ ತಡವಾಗಿ ಬಂದರೆ ಹೊರಗೆ ನಿಲ್ಲಿಸುತ್ತೇನೆ, ಹತ್ತನೆಯವರಿಗೆ ಬೇಗ ಗಂಟೆ ಎಂದರು.

ಅವ್ವ ವರಾಂಡದಲ್ಲಿ ಕೂತಿದ್ದಳು. ಗೋಡೌನಿನ ಹೊತ್ತಾಗಿತ್ತು, ಮಗಳಿಗೂ ಸೇರಿಸಿ ಕಟ್ಟಿದ ಊಟದ ಡಬ್ಬಿ ಮಡಿಲಲ್ಲಿತ್ತು. ನಮ್ಮನ್ನು ಕಂಡು ಎದ್ದಳು, ಏನನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ ಎಂದು ನನಗೆ ಆಗಲೇ ತಿಳಿದದ್ದು.

"ಅವ್ವಾ, ಸಾಲಿ ಚಾಲೂ ಆದಮ್ಯಾಲೆ ಗೋಡೌನಿಗೆ ನೀ ಒಬ್ಬಾಕೀನ ಹೋಗಬೇಕಾಗತೈತಿ" ಎಂದಳು ಹುಡುಗಿ.

"ಹೋಗ್ತೀನವ್ವಾ" ಎಂದಳು ಆಕೆ. ಮತ್ತೆ ಹೇಳಿದಳು, "ಒಬ್ಬಾಕೀನ ಹೋಗ್ತೀನಿ."