ವಾಟ್ಣಿ ಆಗದ ಪಾಲು

ಷೇರು ಪೇಟೆಯ ವಿಷಯದಲ್ಲಿ ಚಿಂಚವಾಡದ ಕಾಂತಪ್ಪನವರಿಗೆ ಎದುರಾಡುವವರು ಇರಲಿಲ್ಲ. ಜಮಖಂಡಿಯಿಂದ ಬಂದು, ಭೋಸರಿಯ ಕಾರ್ಖಾನೆಯೊಂದರಲ್ಲಿ ಖರೀದಿ ಗುಮಾಸ್ತರಾಗಿ ನಿವೃತ್ತರಾದ ಮನುಷ್ಯ. ಜೀವನವಿಡೀ ಚೌಕಾಶಿ ಮಾಡಿದವರು, ಅಗ್ಗಕ್ಕೆ ಸಿಕ್ಕಿದ್ದನ್ನು ಬಿಟ್ಟುಬಂದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸಂಜೆ ತಮ್ಮ ವಸತಿ ಸೊಸೈಟಿಯ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಅವರ ಉಪದೇಶಕ್ಕೆ ಕೇಳುಗರ ಬರವಿರಲಿಲ್ಲ.

ಅವರ ಪ್ರೀತಿಯೆಲ್ಲ ಒಂದೇ ಕಂಪನಿಯ ಮೇಲೆ. ಅದು ಸ್ವತಃ ಒಂದು ಮೊಳೆಯನ್ನೂ ತಯಾರಿಸುವುದಿಲ್ಲ. ಅದೇ ಮನೆತನದ ದೊಡ್ಡ ಕಾರ್ಖಾನೆಯ ಷೇರುಗಳನ್ನು ಹಿಡಿದು ಕೂತಿರುವುದೇ ಅದರ ಕೆಲಸ. ಒಳಗಿರುವ ಸೊತ್ತು ನೂರು ರೂಪಾಯಿಯದಾದರೆ ಅದರ ಷೇರು ಪೇಟೆಯಲ್ಲಿ ನಲವತ್ತಕ್ಕೇ ಸಿಗುತ್ತಿತ್ತು. ಕಾಂತಪ್ಪನವರು ಬಿಡುತ್ತಾರೆಯೇ? ವರ್ಷಗಟ್ಟಲೆ ಕೊಳ್ಳುತ್ತಲೇ ಹೋದರು. ದುಡ್ಡು ಮಾತ್ರ ಹೆಂಡತಿ ಗೋದಾಳದು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಊರ ಕಡೆಯ ಕಾರ್ಮಿಕರಿಗೆ ಡಬ್ಬಿ ಕಳಿಸಿ ಗಳಿಸಿದ್ದನ್ನೆಲ್ಲ ಆಕೆ ಗಂಡನ ಕೈಗೆ ಹಾಕುತ್ತಿದ್ದಳು. ಷೇರು ಗಂಡನ ಹೆಸರಿನಲ್ಲಿದ್ದವು. ಇದರಲ್ಲಿ ವಿಚಾರ ಮಾಡುವಂಥದ್ದೇನಾದರೂ ಇದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಈ ಬೇಸಿಗೆಯಲ್ಲಿ ಭೋಸರಿಯ ಕಾರ್ಖಾನೆಗಳ ಎದುರಿಗೇ ಒಂದು ಮಳಿಗೆ ಖಾಲಿಯಾಯಿತು. ಅಂಥ ಜಾಗದಲ್ಲೊಂದು ಖಾನಾವಳಿ ಹಾಕಬೇಕೆಂಬುದು ಗೋದಾಳ ಬಹುದಿನದ ಆಸೆ. ಮಾಲೀಕ ವಾರದ ಕೊನೆಯವರೆಗಷ್ಟೇ ಕಾಯುತ್ತೇನೆಂದಿದ್ದ. ಷೇರು ಮಾರಿರಿ ಎಂದಳು. ನೂರರ ಮಾಲನ್ನು ನಲವತ್ತಕ್ಕೆ ಕೊಡಲು ತನಗೇನು ತಲೆ ಕೆಟ್ಟಿದೆಯೇ ಎಂದು ಕಾಂತಪ್ಪನವರು ಗದರಿದರು.

ಗೋದಾ ಬಗ್ಗಲಿಲ್ಲ. ಹಾಗಿದ್ದರೆ ಕಂಪನಿಯವರ ಹತ್ತಿರ ಹೋಗಿ ವಾಟ್ಣಿ ಕೇಳಿರಿ ಎಂದಳು. ವಾಟ್ಣಿಯೆಂದರೆ ಅವರ ಕಡೆ ಅಣ್ಣತಮ್ಮಂದಿರು ಮನೆ, ಹೊಲ ಪಾಲು ಮಾಡಿಕೊಳ್ಳುವುದು. ಒಳಗಿರುವ ಷೇರಿನಲ್ಲಿ ನಮ್ಮ ಪಾಲು ನಮಗೆ ಕೊಟ್ಟುಬಿಟ್ಟರೆ ಪೂರಾ ಬೆಲೆಗೆ ಮಾರಬಹುದಲ್ಲ ಎಂಬುದು ಆಕೆಯ ಲೆಕ್ಕ.

ಕಾಂತಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಪಾಠ ಶುರುವಾಯಿತು. ಹಾಗೆ ಪಾಲು ಕೇಳುವ ಹಕ್ಕು ಷೇರುದಾರರಿಗಿಲ್ಲ. ಕಂಪನಿಯ ಯಜಮಾನರಿಗೆ ಕಾರ್ಖಾನೆಯ ಮೇಲೆ ಹಿಡಿತ ಬೇಕು, ಆದ್ದರಿಂದ ಅವರು ಮಾರುವುದಿಲ್ಲ. ಮಾರಿದರೂ ತೆರಿಗೆಗೆ ಒಂದಿಷ್ಟು ಹೋಗುತ್ತದೆ. ಬಂದ ಲಾಭದಲ್ಲಿ ನಮಗೆಷ್ಟು ಕೊಡಬೇಕೆಂಬುದೂ ಅವರದೇ ಮರ್ಜಿ. ಅದಕ್ಕೇ ಪೇಟೆ ಆ ನೂರನ್ನು ನೂರೆಂದು ಎಣಿಸುವುದಿಲ್ಲ.

"ನಿನ್ನ ತಮ್ಮ ಮುಧೋಳದಾಗ ವಾಟ್ಣಿ ಆಗದ ಮನಿಯೊಳಗಿನ ತನ್ನ ಪಾಲು ಮಾರಾಕ ಹೋದಾಗ ಏನಾತು? ಅರ್ಧಾ ಬೆಲೀಗೂ ಯಾರೂ ಕೇಳಲಿಲ್ಲ. ಪಾಲು ಅವಂದು ಖರೆ, ಕೀಲಿ ಅಣ್ಣನ ಕೈಯಾಗ. ಇದೂ ಹಂಗ ಅದ."

ಗೋದಾ ಹಿಟ್ಟಿನ ಕೈ ತೊಳೆದುಕೊಂಡು ಬಂದು ಗಂಡನ ಎದುರು ಕೂತಳು.

"ಈಗ ತಿಳೀತು ಬಿಡ್ರಿ. ಈ ಮನ್ಯಾಗ ನಂದೂ ಪಾಲು ಅದ, ಕೀಲಿ ನಿಮ್ಮ ಕೈಯಾಗ ಅದ. ಇಷ್ಟು ವರ್ಷ ರೊಟ್ಟಿ ಬಡದ ನನಗ ಎಷ್ಟು ಬೆಲಿ ಕಟ್ಟೀರಿ? ನಲವತ್ತಾದ್ರೂ ಕಟ್ಟೀರೋ ಇಲ್ಲೋ?"

ಕಾಂತಪ್ಪನವರಿಗೆ ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಆಕೆ ಒಪ್ಪಿಸಿದ್ದು ಅವರದೇ ಪಾಠ, ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವತ್ತು ಅವರಿಗೆ ಊಟ ಸೇರಲಿಲ್ಲ.

ಮರುದಿನ ಪೇಟೆ ತೆರೆಯುತ್ತಲೇ ನಡೆಯುತ್ತಿದ್ದ ದರಕ್ಕೆ ಅಷ್ಟೂ ಷೇರು ಮಾರಿದರು. ದುಡ್ಡು ಬಂದ ಕೂಡಲೇ ಗೋದಾಳನ್ನು ಪಿಂಪ್ರಿಯ ಬ್ಯಾಂಕಿಗೆ ಕರೆದೊಯ್ದು, ಆಕೆಯೊಬ್ಬಳ ಹೆಸರಿನ ಖಾತೆಗೆ ಎಲ್ಲವನ್ನೂ ಹಾಕಿಸಿದರು. ಮಳಿಗೆಯ ಕರಾರಿಗೂ ಆಕೆಯೇ ಸಹಿ ಮಾಡಿದಳು.

ಸಂಜೆ ಅವರು ಹೊರಗೆ ಬರುವ ಮೊದಲೇ ಸುದ್ದಿ ಹಬ್ಬಿತ್ತು. ನೂರರ ಮಾಲು ನಲವತ್ತಕ್ಕೆ ಮಾರಿದಿರಂತಲ್ಲ ಎಂದು ನೆರೆಮನೆಯ ಮೋಹನದಾಸ್ ಕೆಣಕಿದ. ಕಾಂತಪ್ಪನವರ ಗತ್ತು ಒಂದು ಚೂರೂ ಸಡಿಲಲಿಲ್ಲ.

"ನಾ ಎಲ್ಲಿ ಮಾರೇನ್ರಿ? ಆಕೀದು ಇತ್ತು, ಆಕಿ ತಗೊಂಡ್ಳು."