ಹಾರ ಬಿದ್ದ ಸಾವಿರ ಸಿಡಿ

ಪುಣೆಯ ಭೋಸರಿಯಲ್ಲಿ ಯಾವ ಕನ್ನಡದವರ ಮನೆ ಮುಂದೆ ಯಮನವ್ವನ ಚಪ್ಪಲಿ ಕಂಡರೂ ಹಾದು ಹೋಗುವವರ ಎದೆ ಧಸಕ್ಕೆನ್ನುತ್ತಿತ್ತು. ಆಕೆ ಒಂದು ಹಿಡಿ ಉಪ್ಪು ಕೇಳಲು ಹೋಗಿದ್ದರೂ ಸರಿಯೇ. ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ ಮಾಡುವ ಭಜನೆಗೆ ಹಾಡುವವಳು ಆಕೆಯೇ ಆದ್ದರಿಂದ ಮಂದಿಗೆ ಆಕೆಯ ಮೇಲೆ ಗೌರವವೂ ಇತ್ತು, ಆಕೆಯಿಂದ ದೂರ ನಿಲ್ಲುವ ಆಸೆಯೂ ಇತ್ತು. ಯಾದಗಿರಿ ಕಡೆಯಿಂದ ಗಂಡನ ಜೊತೆ ದುಡಿಯಲು ಬಂದವಳು. ಕಟ್ಟುತ್ತಿದ್ದ ಕಟ್ಟಡದಿಂದಲೇ ಬಿದ್ದು ಗಂಡ ಹೋದ ದಿನ ಹಾಡುವವರು ಯಾರೂ ಸಿಗದೆ, ತಾನೇ ಹೆಣದ ಮುಂದೆ ಕೂತು ಬಾಯಿ ತೆರೆದಳು. ಅಂದಿನಿಂದ ಕರೆ ಬರುತ್ತಲೇ ಹೋಯಿತು.

ಅವಳ ಒಬ್ಬನೇ ಮಗ ಮನೋಹರ ಅಲ್ಲಿಯೇ ಒಂದು ವರ್ಕ್‌ಶಾಪಿನಲ್ಲಿ ಪ್ರೆಸ್ ಮಶೀನ್ ನಡೆಸುತ್ತಿದ್ದ. ತಗಡಿನಿಂದ ವಾಶರ್ ಒತ್ತಿ ತೆಗೆಯುವ ಕೆಲಸ. ಬೆರಳು ಕತ್ತರಿಸುವ ಆ ಮಶೀನಿಗೆ ಹೆದರದ ಗಂಡಸು, ಹೊರಗೆ ಹೊರಟಾಗ ಹಲ್ಲಿ ಲೊಚಗುಟ್ಟಿದರೆ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂರುತ್ತಿದ್ದ. ಹೆಂಡತಿ ಶರಣಮ್ಮ ಎಷ್ಟು ಸಲ ನಕ್ಕಿದ್ದಳೋ. ತಾಯಿಯ ಹಾಡುಗಳಿಗಂತೂ ಅವನು ಚಿಕ್ಕಂದಿನಿಂದ ಹೆದರುತ್ತಿದ್ದ. ಯಮನವ್ವ ಕೂಡ ಅವನ್ನು ಮನೆಯಲ್ಲಿ ಒಂದು ದಿನವೂ ಗುನುಗಿದವಳಲ್ಲ. ಹೆಣದ ಮುಂದಿನ ಹಾಡನ್ನು ಹೆಣದ ಮುಂದೆಯೇ ಹಾಡಬೇಕು, ಬೇರೆಲ್ಲೂ ಕೂಡದು ಎಂಬುದು ಅವರಲ್ಲಿ ನಡೆದು ಬಂದ ಕಟ್ಟು.

೨೦೦೩ರ ಬೇಸಿಗೆಯಲ್ಲಿ ಯಮನವ್ವನ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಶನ್ ಆಗಲೇಬೇಕು, ಆದಮೇಲೆ ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಶರಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಮನವ್ವನ ಚಿಂತೆಯೇ ಬೇರೆ.

“ಊರ ಮಂದಿಗೆಲ್ಲಾ ನಾ ಹಾಡೀನಿ. ನಾ ಹೋದ್ರ ನನಗ ಹಾಡವ್ರು ಯಾರದಾರ?” ಎಂದು ಮಗನನ್ನು ಕೇಳಿದಳು. “ನನ್ನ ದನಿ ಸಿಡಿ ಮಾಡಸೋ ಮನೋಹರ. ಮ್ಯಾಲ ನನ್ನ ಫೋಟೋ ಇರಬೇಕು. ಕೈಯಾಗ ಹಿಡಕೊಂಡು ಒಮ್ಮಿ ಕೇಳಿ, ಆಮ್ಯಾಲ ದವಾಖಾನಿಗಿ ಬರ್ತೀನಿ.”

ಭಜನೆಯಲ್ಲಿ ಆಕೆಯ ಜೊತೆ ತಾಳ ಹಾಕುವ ಧರ್ಮಣ್ಣ ಪಕ್ಕದಲ್ಲೇ ಕೂತು ತಂಬಾಕು ತಿಕ್ಕುತ್ತಿದ್ದ. ಅವನ ಕೈ ನಿಂತಿತು.

“ಯಕ್ಕಾ, ಹೆಣಾ ಇಲ್ದ ಹಾಡಿದ್ರ ಹಾಡು ತಾನ ಹೆಣಾ ಹುಡುಕ್ಕೋತ ಬರ್ತದ,” ಎಂದ.

ಯಮನವ್ವ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೋಹರ ಹಾಕಿಕೊಂಡ. ಹಾಕಿಕೊಂಡದ್ದಷ್ಟೇ ಅಲ್ಲ, ಅದನ್ನು ಅಲ್ಲಿಂದ ಮುಂದೆ ಎಲ್ಲೂ ಇಳಿಸಲಿಲ್ಲ.

ರೆಕಾರ್ಡಿಂಗ್ ನಡೆದದ್ದು ನಿಗಡಿಯ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ. ಯಮನವ್ವ ತನ್ನೆದುರಿಗೆ ಒಂದು ಖಾಲಿ ಕುರ್ಚಿ ಹಾಕಿಸಿದಳು. ಚೀಲದಿಂದ ತನ್ನದೇ ಹಳೆಯ ಇಳಕಲ್ ಸೀರೆ ತೆಗೆದು, ಮಡಿಕೆ ಬಿಚ್ಚದೆ ಕುರ್ಚಿಯ ಮೇಲಿಟ್ಟು ವಿಭೂತಿ ಹಚ್ಚಿದಳು. “ಅಲ್ಲಿ ನಾನ ಕುಂತೀನಿ ಅಂತ ತಿಳಕೋ ಧರ್ಮಣ್ಣ,” ಎಂದು ಶುರು ಮಾಡಿದಳು. ತಾಯಿ ತನಗೆ ತಾನೇ ಹಾಡಿಕೊಂಡು ಅಳುವುದನ್ನು ಮನೋಹರ ಮಶೀನಿನ ಕೋಣೆಯ ಗಾಜಿನ ಆಚೆ ನಿಂತು ನೋಡಿದ. ಹಾಡು ಮುಗಿದಾಗ ಸೀರೆ ಕುರ್ಚಿಯಿಂದ ಅರ್ಧ ಜಾರಿತ್ತು. ಫ್ಯಾನಿನ ಗಾಳಿಗೆ ಎನ್ನೋಣವೆಂದರೆ, ಸದ್ದು ಬರುತ್ತದೆಂದು ಫ್ಯಾನನ್ನು ಮೊದಲೇ ಬಂದ್ ಮಾಡಿದ್ದರು.

ಇನ್ನು ಕಾಪಿಗಳ ಮಾತು. ಓಣಿಯ ಮೂಲೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಬಾಬು ನೂರು ಸಾಕೆಂದ. “ನನ್ನ ಕಂಪ್ಯೂಟರ್‌ನ್ಯಾಗ ಒಂದೊಂದ ಬರದು, ಮ್ಯಾಲ ಫೋಟೋದ ಸ್ಟಿಕ್ಕರ್ ಹಚ್ಚಿ ಕೊಡ್ತೀನಿ. ಏನರೆ ತಪ್ಪಾದ್ರ ಮುಂದಿಂದ್ರಾಗ ತಿದ್ದಾಕ ಬರ್ತದ.” ಬಾಬು ಬರೆದ ಸಿಡಿಗಳ ಹಣೆಬರಹ ಮನೋಹರನಿಗೆ ಗೊತ್ತಿತ್ತು. ಬಿಸಿಲಿಗೆ ಬಿದ್ದರೆ ಒಂದೇ ಬೇಸಿಗೆಯಲ್ಲಿ ಹಾಡು ತೊದಲತೊಡಗುತ್ತಿತ್ತು. ತಗಡಿನ ಮನೆಗಳ ಕಾವಿಗೆ ಸ್ಟಿಕ್ಕರ್ ಉಬ್ಬಿ ಪ್ಲೇಯರಿನೊಳಗೆ ಸಿಕ್ಕಿಕೊಳ್ಳುತ್ತಿತ್ತು. ತಾಯಿಯ ದನಿ ತೊದಲುವುದನ್ನು ಅವನು ಹೇಗೆ ಒಪ್ಪಿಯಾನು?

ಬುಧವಾರ ಪೇಠೆಯ ಒಬ್ಬ ಏಜೆಂಟ್ ಇನ್ನೊಂದು ದಾರಿ ತೋರಿಸಿದ. ಮುಂಬಯಿ ಕಡೆಯ ಕಾರ್ಖಾನೆಯಲ್ಲಿ ಹಾಡನ್ನು ಮೊದಲು ಗಾಜಿನ ಮೇಲೆ ಮೂಡಿಸಿ, ಅದರಿಂದ ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ಲಾಸ್ಟಿಕ್ ಸಿಡಿ ಒತ್ತುತ್ತಾರೆ. ಬಣ್ಣ ಸಿಡಿಯ ಮೇಲೆಯೇ ಅಚ್ಚಾಗುತ್ತದೆ, ಕಿತ್ತು ಬರುವ ಮಾತಿಲ್ಲ. ಆದರೆ ಸಾವಿರಕ್ಕೆ ಕಡಿಮೆ ಮಾಡುವುದಿಲ್ಲ. ಒತ್ತುವುದು ಎಂದ ಕೂಡಲೇ ಮನೋಹರನ ಮುಖ ಅರಳಿತು. ಇದು ತನ್ನದೇ ಕಸುಬು. ಸಿಡಿ ಎಂದರೇನು, ನಡುವೆ ತೂತಿರುವ ಒಂದು ದೊಡ್ಡ ವಾಶರ್! ಒತ್ತುವ ಅಚ್ಚು, ಅಂದರೆ ಡೈ, ಚೊಕ್ಕ ಇದ್ದರೆ ಸಾವಿರವೂ ಚೊಕ್ಕ ಎಂದು ಬಾಬುವಿನ ಮುಂದೆ ಜಂಬ ಕೊಚ್ಚಿದ. ಡೈ ಕೆಟ್ಟರೆ ಸಾವಿರವೂ ಕೆಡುತ್ತವೆ ಎಂಬುದನ್ನು ಕಸುಬಿನಲ್ಲಿ ಎಷ್ಟು ಸಲ ಕಂಡಿದ್ದನೋ, ಆ ಹೊತ್ತಿಗೆ ಅದು ನೆನಪಾಗಲಿಲ್ಲ.

“ಹೆಣಾ ಇಲ್ದ ಸಾವಿರ ಮನ್ಯಾಗೇನೋ?” ಎಂದಷ್ಟೇ ಕೇಳಿ ಧರ್ಮಣ್ಣ ಎದ್ದು ಹೋದ.

ಏಜೆಂಟನ ಆಫೀಸಿನಲ್ಲಿ ಚಿತ್ರ ಜೋಡಿಸುತ್ತಿದ್ದವಳು ಇಂದೂ ಎಂಬ ಮರಾಠಿ ಹೆಣ್ಣುಮಗಳು. ಮನೋಹರ ಅವಳಿಗೆ ತಾಯಿಯ ಫೋಟೋ ಕೊಟ್ಟ, ಹಾಡುಗಳ ಅರ್ಥವನ್ನು ಮರಾಠಿಯಲ್ಲಿ ಹೇಳಿದ. ಒಪ್ಪಿಗೆ ಕೊಡಲು ಕರೆದ ದಿನ ಅವಳು ಮುಂದಿಟ್ಟದ್ದು ಫಿಲ್ಮುಗಳನ್ನು. ಸಿಡಿಯ ಮೇಲೆ ಒಂದೊಂದು ಬಣ್ಣವನ್ನು ಬೇರೆಬೇರೆಯಾಗಿ ಒತ್ತುವುದರಿಂದ ಬಣ್ಣಕ್ಕೊಂದು ಫಿಲ್ಮು, ಎಲ್ಲವೂ ಕಪ್ಪು. ಮನೋಹರನ ಧ್ಯಾನವೆಲ್ಲ ತೂತಿನ ಮೇಲಿತ್ತು. ತಾಯಿಯ ಹಣೆಗೆ ತೂತು ಬೀಳಬಾರದು, ಮುಖ ಪೂರ್ತಿ ತೂತಿನ ಮೇಲ್ಗಡೆ ಬರಬೇಕು ಎಂದು ಸ್ಕೇಲಿಟ್ಟು ಅಳೆದ. ಅಂಚಿನ ಸುತ್ತ ಕರಿ ಚುಕ್ಕಿಗಳ ಸಾಲು ಕಂಡಿತು. ರುದ್ರಾಕ್ಷಿ ಇರಬೇಕೆಂದುಕೊಂಡು ಸಹಿ ಹಾಕಿದ.

ಡಬ್ಬಿಗಳು ಬಂದದ್ದು ಆಪರೇಶನ್ನಿನ ಹಿಂದಿನ ವಾರ. ಮನೋಹರ ಏಜೆಂಟನ ಆಫೀಸಿನಲ್ಲೇ ಒಂದು ಡಬ್ಬಿ ಒಡೆದು ನೋಡಿದ. ಸಿಡಿಯ ಅಂಚಿನುದ್ದಕ್ಕೂ ಕೇಸರಿ, ಹಳದಿ ಚೆಂಡುಹೂವಿನ ಹಾರ. ಹಾರದ ನಡುವೆ ತಾಯಿಯ ಮುಖ. ಕೆಳಗೆ ಒಂದು ಉರಿಯುವ ದೀಪ. ಸತ್ತವರ ಫೋಟೋವನ್ನು ಗೋಡೆಗೆ ಹಾಕುತ್ತಾರಲ್ಲ, ಥೇಟು ಹಾಗೆ.

ತಾಯಿ ಇನ್ನೂ ಬದುಕಿದ್ದಾಳೆ ಎಂದು ಅವನು ಹೇಳಿದಾಗ ಇಂದೂ ಬಿಳಿಚಿಕೊಂಡಳು. ಹಾಡುಗಳೆಲ್ಲ ದೇಹ ಬಿಟ್ಟು ಹೋಗುವ ಮಾತೇ ಆಗಿದ್ದವು, ಫೋಟೋದಲ್ಲಿ ಹಣೆಗೆ ಕುಂಕುಮವಿರಲಿಲ್ಲ, ಆಯಿ ಹೋಗಿಬಿಟ್ಟಿದ್ದಾರೆ ಎಂದೇ ತಿಳಿದೆ ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ಪಾಪ, ಅವಳನ್ನು ಬಯ್ಯುವುದಾದರೂ ಹೇಗೆ? ಸಹಿ ಇವನದೇ.

ಒಂದು ಸಿಡಿಯ ಹಾರ ಅಳಿಸಲಾದರೂ ನೋಡೋಣವೆಂದು ವರ್ಕ್‌ಶಾಪಿನಲ್ಲಿ ಥಿನ್ನರ್ ಹಚ್ಚಿ ತಿಕ್ಕಿದ. ಹೂವಿನ ಜೊತೆ ಅದರಡಿಯ ಬೆಳ್ಳಿ ಪೊರೆಯೂ ಎದ್ದು ಬಂತು. ಆ ಪೊರೆ ಹೋದರೆ ಹಾಡೂ ಹೋದಂತೆಯೇ. ಸಿಡಿಯ ಆಚೆ ತನ್ನ ಅಂಗೈ ಕಾಣತೊಡಗಿದಾಗ ಅವನು ಅದನ್ನು ಗುಜರಿ ತಗಡಿನ ಡ್ರಮ್ಮಿಗೆ ಎಸೆದ. ಮೇಲಿನ ಚಿತ್ರ ತೋರಿಸದೆ ಬರೀ ಹಾಡನ್ನು ಕೇಳಿಸಬಹುದಿತ್ತು, ನಿಜ. ಆದರೆ ಬದುಕಿರುವವಳ ಕೊರಳಿಗೆ ಹಾರ ತಾನೇ ಬಂದು ಬಿದ್ದ ಮೇಲೆ, ಹೆಣವಿಲ್ಲದ ಮನೆಯಲ್ಲಿ ಆ ಹಾಡು ಹಚ್ಚುವ ಎದೆಗಾರಿಕೆ ಅವನಲ್ಲಿ ಉಳಿದಿರಲಿಲ್ಲ. ಡಬ್ಬಿಗಳನ್ನು ಡ್ರಮ್ಮುಗಳ ಹಿಂದೆ ಸರಿಸಿ ಮೇಲೆ ಗೋಣಿ ಹೊದಿಸಿದ.

“ಬಂತೇನೋ?” ಎಂದು ಯಮನವ್ವ ಬಾಗಿಲಲ್ಲೇ ಕೇಳಿದಳು.

“ಇನ್ನ ಇಲ್ಲವ್ವ. ಕಾರ್ಖಾನ್ಯಾಗ ತಡ ಆಗ್ಯಾದ.”

ದವಾಖಾನೆಗೆ ಹೊರಟ ದಿನವೂ ಕೇಳಿದಳು. ಅದೇ ಉತ್ತರ ಬಂತು. ಆಕೆ ಬಾಯಿ ತೆರೆದು ಆಡಿದ ಕೊನೆಯ ಮಾತು, “ಹೋಗ್ಲಿ ಬಿಡು, ಬಂದ ಮ್ಯಾಲ ಕೇಳಿದ್ರಾತು.”

ಆಮೇಲೆ ದನಿಯಿಲ್ಲದ ತಾಯಿ ಮನೆಗೆ ಬಂದಳು. ಆಪರೇಶನ್ನಿನಲ್ಲಿ ಕೊರಳಿಗೆ ಮಾಡಿದ ತೂತಿನಿಂದ ಉಸಿರು ಸುಯ್ಯೆಂದು ಆಡುತ್ತಿತ್ತು. ಫಿಲ್ಮಿನ ಮೇಲೆ ತೂತು ಅಳೆದದ್ದು ನೆನಪಾಗಿ ಮನೋಹರ ಆ ಕಡೆ ನೋಡದೆ ಮಾತಾಡಿಸುವುದನ್ನು ಕಲಿತ. ಅವನು ಕೆಲಸದಿಂದ ಬಂದ ಕೂಡಲೇ ಆಕೆ ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ದುಂಡಗೆ ತಿರುಗಿಸುತ್ತಿದ್ದಳು. ಸಿಡಿ ಬಂತೇ ಎಂಬ ಪ್ರಶ್ನೆ ಅದು. ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ.

“ಅತ್ತಿ ದಿನಾ ಅದನ್ನ ಕೇಳತಾರಲ್ರಿ, ಬಾಬೂನ ಕಡಿಂದ ಒಂದರೆ ಮಾಡಿಸಿ ಕೊಡ್ರಿ,” ಎಂದು ಶರಣಮ್ಮ ಬೇಡಿಕೊಂಡಳು. ಅವನು ರೇಗಿದ. ಹೆದರಿದ ಗಂಡಸಿಗೆ ಸಿಟ್ಟೊಂದೇ ಸುಲಭ. ಗಂಟು ಮತ್ತೆ ಬೆಳೆಯಿತು. ಮಲಗಿದಲ್ಲಿಂದಲೇ ಬೆರಳು ತಿರುಗುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅದೂ ನಿಂತಿತು.

ಓಣಿಯ ಮಂದಿ ಸೇರಿದರು. ಮೈ ತೊಳೆದು, ವಿಭೂತಿ ಹಚ್ಚಿ, ಆಕೆಯನ್ನು ಗೋಡೆಗೆ ಆನಿಸಿ ಕೂಡಿಸಿದರು. ಧರ್ಮಣ್ಣ ತಾಳ ಹಿಡಿದು ಕೂತ. ಹಾಡಲು ಯಾರೂ ಮುಂದೆ ಬರಲಿಲ್ಲ. ಮನೋಹರ ಎದ್ದು ವರ್ಕ್‌ಶಾಪಿಗೆ ಹೋಗಿ ಒಂದು ಡಬ್ಬಿ ಹೊತ್ತು ತಂದ. ಬಾಬು ತನ್ನ ಅಂಗಡಿಯ ಪ್ಲೇಯರ್ ತಂದು ಹಚ್ಚಿದ.

ಯಮನವ್ವನ ದನಿ ಒಂದಿಷ್ಟೂ ತೊದಲದೆ ಎದ್ದಿತು. ಹೆಂಗಸರು ಹೋ ಎಂದು ಅತ್ತರು. ಧರ್ಮಣ್ಣನ ತಾಳ ಮೊದಲ ಸಾಲಿಗೆ ತಪ್ಪಿ, ಆಮೇಲೆ ಕೂಡಿಕೊಂಡಿತು. ಹಾಡು ಮುಗಿದ ಮೇಲೆ ಅವನು ಡಬ್ಬಿಯಿಂದ ಒಂದು ಸಿಡಿ ತೆಗೆದು ಬೆಳಕಿಗೆ ಹಿಡಿದ.

“ಹೂವಿನ ಮಾಲಿ ಛಲೋ ಹಾಕ್ಯಾರಲ್ಲೋ. ಆಕಿಗಿ ತೋರಿಸಿದ್ದೇನು? ಭಾಳ ನಕ್ಕಿರಬೇಕು.”

“ಇಲ್ಲ ಕಾಕಾ. ಹೆದರಿದೆ.”

“ಯಾಕೋ?”

“ನೀವ ಅಂದಿದ್ರಲ್ರಿ, ಹೆಣಾ ಇಲ್ದ ಹಾಡಿದ್ರ ಹಾಡು ಹೆಣಾ ಹುಡುಕ್ಕೋತ ಬರ್ತದಂತ.”

“ನಾನ?” ಧರ್ಮಣ್ಣ ಹುಬ್ಬು ಗಂಟಿಕ್ಕಿ ಯೋಚಿಸಿದ. “ಯಾವಾಗ ಅಂದೆ?”

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಎರಡನೆಯ ಹಾಡು ಶುರುವಾಗಿತ್ತು, ಅವನು ಮತ್ತೆ ತಾಳಕ್ಕೆ ತಿರುಗಿದ. ಮನೋಹರ ಒಂದು ಸಿಡಿ ತೆಗೆದುಕೊಂಡು ತಾಯಿಯ ಮುಂದೆ ಮಂಡಿಯೂರಿದ. ತೊಡೆಯ ಮೇಲಿದ್ದ ಬಲಗೈಯನ್ನು ಬಿಡಿಸಿ ಅದನ್ನು ಹಿಡಿಸಲು ನೋಡಿದ. ಬೆರಳುಗಳು ಆಗಲೇ ಸೆಟೆದಿದ್ದವು. ಸಿಡಿ ಜಾರಿ ಆಕೆಯ ಮಡಿಲಿಗೆ ಬಿತ್ತು.