ಬಾಗಿಲ ಹೊರಗೆ ನಿಂತ ಮಾಸ್ಟ್ರು

ಮೂಡುಬಿದಿರೆಯ ನಮ್ಮ ಹೈಸ್ಕೂಲಿನ ಕನ್ನಡ ಮಾಸ್ಟ್ರು ತರಗತಿಯಲ್ಲಿ ಕಾದಂಬರಿ ಓದಿ ಹೇಳುತ್ತಾ, ನಮಗೆ ರುಚಿ ಹತ್ತುವಾಗಲೇ ಪುಸ್ತಕ ಮುಚ್ಚುತ್ತಿದ್ದರು. ಅಕ್ಷರ ಕೂಡಿಸಿ ಓದುವ ಹಿಂದಿನ ಬೆಂಚಿನ ನಮ್ಮ ಕಡೆ ತಿರುಗಿ, "ತುಳುವಿನಲ್ಲೇ ಹೇಳಿ, ಈ ಕಥೆಯ ಹೆಂಗಸು ಗಂಡನ ಮನೆ ಬಿಡ್ತಾಳೋ ಇಲ್ಲವೋ?" ಎನ್ನುವರು. ನಮ್ಮೊಳಗೆ ಜಗಳವೇ ಆಗುತ್ತಿತ್ತು. "ಸಾಕು ಮಾರಾಯ್ರೆ, ಪುಸ್ತಕ ಏನು ಹೇಳ್ತದೆ, ನೋಡುವ" ಎಂದು ಮಾಸ್ಟ್ರು ಮತ್ತೆ ಪುಸ್ತಕ ತೆರೆಯುವರು.

ಆ ವರ್ಷ ಫೇಲಾದರೆ ಅಪ್ಪ ನನ್ನನ್ನು ಶಾಲೆ ಬಿಡಿಸುವವರಿದ್ದರು. ಒಂದು ದಿನ ಮಾಸ್ಟ್ರು ಅರ್ಧಕ್ಕೆ ನಿಲ್ಲಿಸಿದ ಪುಸ್ತಕವನ್ನು ನನ್ನ ಮುಂದಿಟ್ಟು ಹೊರಗೆ ಹೋದರು. ಮುಂದೇನಾಯಿತೆಂಬ ಕುತೂಹಲ ತಡೆಯಲಾಗದೆ ನಾನೇ ತಡವರಿಸುತ್ತಾ ಗಟ್ಟಿಯಾಗಿ ಓದಿದೆ. ತಲೆಯೆತ್ತಿದರೆ ಅವರು ಬಾಗಿಲ ಹೊರಗೆ ನಿಂತು ಕೇಳುತ್ತಿದ್ದರು. ಆ ವರ್ಷ ಪಾಸಾದೆ.

ಈಗ ನಾನು ನಡೆಸುವ ಅಂಗಡಿಯಲ್ಲಿ, ಉಳಿದದ್ದನ್ನು ಗಿರಾಕಿಯೇ ಕೇಳಲಿ ಎಂದು, ನಾನೂ ಸರಕನ್ನು ಮೊದಲು ಅರ್ಧವೇ ತೋರಿಸುವುದು. ಅಂಗಡಿ ಇಟ್ಟವರಾದರೆ ನೀವೂ ಹಾಗೇ ಮಾಡಿ. ಗಿರಾಕಿಗಳಿಲ್ಲದ ಮಧ್ಯಾಹ್ನ ಈಗಲೂ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತೇನೆ, ಪುಟ ಮುಗಿದಾಗ ಬಾಗಿಲ ಕಡೆ ನೋಡುತ್ತೇನೆ.